ಡುಬ್ಬಣ್ಣನ ದನಿ

ಮಾರ್ಚ್ 4, ಮಂಗಳವಾರ

ಗಂಟಲಿನ ಡಾಕ್ಟರು ಮಾತು ಕಡಿಮೆ ಮಾಡಿ ಎಂದಿದ್ದಾರೆ. ಮಾತಿನಿಂದಲೇ ಹೊಟ್ಟೆ ಹೊರೆದವಳಿಗೆ ಹೇಳುವ ಸಲಹೆಯೇ ಇದು? ದನಿಪೆಟ್ಟಿಗೆ ಸವೆದಿದೆಯಂತೆ. "ಇರೋದನ್ನ ನೋಡ್ಕೊಂಡು ಖರ್ಚು ಮಾಡಿ" ಎಂದರು, ನನ್ನ ಗಂಟಲು ಅವರಪ್ಪ ಬಿಟ್ಟುಹೋದ ಆಸ್ತಿ ಎಂಬಂತೆ. ಬಾಯಿ ಕಟ್ಟಿಕೊಂಡು ಕೂತರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಆಡದೆ ಉಳಿದದ್ದನ್ನೆಲ್ಲ ಇಲ್ಲಿ ಬರೆದುಹಾಕುತ್ತೇನೆ. ಓದುವವರು ಯಾರೂ ಇಲ್ಲ, ಹಾಗಾಗಿ ನಯನಾಜೂಕಿನ ಅಗತ್ಯವೂ ಇಲ್ಲ.

ಸಂಜೆ ದಪ್ಪಕನ್ನಡಕ ಫೋನ್ ಮಾಡಿದ. ಅವನು ರೆಕಾರ್ಡಿಂಗ್ ನಿರ್ದೇಶಕ, ನನ್ನ ಹಳೆಯ ಜೊತೆಗಾರ. ಕಣ್ಣು ಅಷ್ಟಕ್ಕಷ್ಟೆ, ಕಿವಿ ಮಾತ್ರ ಬೆಕ್ಕಿನದು.

"ಡುಬ್ಬಣ್ಣ ವಾಪಸ್ ಬರ್ತಿದಾನೆ ಕಣೆ" ಎಂದ. "ಟಿವಿಗಲ್ಲ. ದೊಡ್ಡ ಸಿನಿಮಾ, ಜೊತೆಗೆ ಹೊಸ ವಿಡಿಯೋ ಗೇಮು."

ನಾನು ಅಲ್ಲೇ ಕುಕ್ಕರಿಸಿಬಿಟ್ಟೆ. ಡುಬ್ಬಣ್ಣ ನನ್ನ ಬಸವನಹುಳು. ಬೆನ್ನ ಮೇಲೆ ಮನೆ ಹೊತ್ತುಕೊಂಡು, ಎಲ್ಲ ಕಡೆಗೂ ಎಲ್ಲರಿಗಿಂತ ತಡವಾಗಿ ಬರುತ್ತಿದ್ದ ಕಾರ್ಟೂನು ಹುಡುಗ. ಅವನ ದನಿ ನಾನು. ಗಂಡುಮಕ್ಕಳ ದನಿಗೆ ಹೆಂಗಸರನ್ನು ಹಾಕುವುದು ನಮ್ಮ ಕಸುಬಿನ ರೂಢಿ. ನಿಜವಾದ ಹುಡುಗರ ಗಂಟಲು ನಂಬಿಕೆಗೆ ಅರ್ಹವಲ್ಲ, ಯಾವತ್ತು ಒಡೆಯುತ್ತದೋ ಗೊತ್ತಿಲ್ಲ. "ಬಂದೆ, ಬಂದೆ, ಬರ್ತಾನೇ ಇದೀನಿ" ಎಂಬ ಅವನ ಮಾತನ್ನು ಆಡಿ ಅಮ್ಮಂದಿರಿಂದ ಬೈಸಿಕೊಳ್ಳದ ಮಗು ಆ ಕಾಲದಲ್ಲಿ ಇರಲಿಲ್ಲ. ಅಂಗಡಿಯಲ್ಲಿ ನನ್ನ ಪಕ್ಕವೇ ನಿಂತು ಮಕ್ಕಳು ಹಾಗೆ ಕೂಗುತ್ತಿದ್ದವು. ನನ್ನ ಮುಖ ಯಾರಿಗೂ ಗೊತ್ತಿರಲಿಲ್ಲ. ಅದರಲ್ಲೊಂದು ಸುಖವಿತ್ತು.

"ಪಾತ್ರ ನಿನ್ನದೇ, ಅನುಮಾನ ಬೇಡ" ಎಂದ ದಪ್ಪಕನ್ನಡಕ. "ಆದ್ರೆ ಪರೀಕ್ಷೆ ಕೊಡ್ಬೇಕು. ಕಂಪನಿಯವರು ಹೊಸಬರು. ಎಂದಿನ ಹಾಗೇ, ಹೆಸರಿಲ್ಲ, ಬರೀ ನಂಬರು."

ನಮ್ಮಲ್ಲಿ ದನಿ ಪರೀಕ್ಷೆ ನಡೆಯುವುದೇ ಹಾಗೆ. ಬಂದವರಿಗೆಲ್ಲ ಒಂದೊಂದು ನಂಬರು ಕೊಡುತ್ತಾರೆ. ಆರಿಸುವವರಿಗೆ ಹೆಸರೂ ಗೊತ್ತಿಲ್ಲ, ಮುಖವೂ ಕಾಣುವುದಿಲ್ಲ; ಯಾವ ನಂಬರು ಯಾರದೆಂಬ ಪಟ್ಟಿ ಮುಚ್ಚಿದ ಲಕೋಟೆಯಲ್ಲಿರುತ್ತದೆ. ಮುಖ ನೋಡಿದರೆ ಕಿವಿ ಸುಳ್ಳು ಹೇಳುತ್ತದೆ ಎಂಬುದು ಹಿರಿಯರ ಮಾತು. ಆಗಲಿ. ನನಗೇನು ಭಯ? ಡುಬ್ಬಣ್ಣನ ದನಿಗೆ ಡುಬ್ಬಣ್ಣನೇ ಪರೀಕ್ಷೆ ಬರೆದಂತೆ.

ಮಾರ್ಚ್ 9, ಭಾನುವಾರ

ಮಗಳು ಬಂದಿದ್ದಳು. ಚಿಕ್ಕಂದಿನಲ್ಲಿ ನನ್ನ ಬೆನ್ನು ಬಿಡುತ್ತಿರಲಿಲ್ಲ, ಅದಕ್ಕೇ ಅವಳನ್ನು ಬಾಲ ಎಂದೇ ಕರೆಯುವುದು. ಅವಳದೂ ದನಿಯ ಕಸುಬೇ, ಆದರೆ ಪಾಪ, ದೊಡ್ಡದೇನೂ ಸಿಕ್ಕಿಲ್ಲ. ಲಿಫ್ಟುಗಳಲ್ಲಿ "ಬಾಗಿಲು ಮುಚ್ಚುತ್ತಿದೆ" ಎನ್ನುವವಳು ಅವಳೇ. ಬ್ಯಾಂಕಿಗೆ ಫೋನ್ ಮಾಡಿದರೆ ದಯವಿಟ್ಟು ಕಾಯಿರಿ ಎನ್ನುವವಳೂ ಅವಳೇ. ನಾನು ತಮಾಷೆ ಮಾಡುತ್ತಿರುತ್ತೇನೆ, ನಿನ್ನ ಮಾತು ಕೇಳಿ ಊರೇ ಮೇಲೆ ಕೆಳಗೆ ಆಗುತ್ತದಲ್ಲೇ ಎಂದು. ಅವಳು ನಗುತ್ತಾಳೆ. ಒಳ್ಳೆಯ ಹುಡುಗಿ.

ಸುದ್ದಿ ಹೇಳಿದ ಕೂಡಲೇ ಅಟ್ಟದ ಪೆಟ್ಟಿಗೆ ಅವಳೇ ಇಳಿಸಿದಳು. ಎರಡು ಸಿನಿಮಾ, ಮೂರು ಗೇಮು, ಹಳೆಯ ಆಟದ ಯಂತ್ರ. ಎಲ್ಲಿಂದಲೋ ತಂತಿ ತಂದು ಟಿವಿಗೆ ಸಿಕ್ಕಿಸಿದಳು. ಡುಬ್ಬಣ್ಣನನ್ನು ಮೊದಲಿಂದ ನೋಡಿದರೆ ದನಿ ತಾನಾಗಿ ನಾಲಿಗೆಗೆ ಬರುತ್ತದೆ ಎಂದು ನನ್ನ ಲೆಕ್ಕ.

ಮೊದಲನೆಯ ಸಿನಿಮಾ ಹಾಕಿದೆವು. ಡುಬ್ಬಣ್ಣನ ಗೆಳೆಯರೆಲ್ಲ ಮಳೆಗೆ ಹೆದರಿ ಓಡಿಹೋಗುತ್ತಾರೆ, ಇವನೊಬ್ಬ ನಿಧಾನವಾಗಿ ಹೋಗಿ ದಾರಿಯಲ್ಲಿ ಬಿದ್ದ ಇರುವೆಗಳನ್ನೆಲ್ಲ ಚಿಪ್ಪಿನ ಮೇಲೆ ಹತ್ತಿಸಿಕೊಂಡು ಬರುತ್ತಾನೆ. ಎಂಥ ಚೆಂದದ ಸಿನಿಮಾ ಅದು. ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದೆವು. ನಾನು ನಡುನಡುವೆ ನಿಲ್ಲಿಸಿ ಅವನ ಜೊತೆ ಮಾತಾಡಿ ನೋಡಿದೆ. ಮೇಲಿನ ಸ್ವರ ತೆಳ್ಳಗಾಗಿದೆ. ಬರುತ್ತದೆ, ದಿನಾ ಉಪ್ಪುನೀರು ಮುಕ್ಕಳಿಸಿದರೆ.

"ನಗು ಹೇಗೆ ಮಾಡ್ತಿದ್ದೆ ಅಮ್ಮ?" ಎಂದಳು ಬಾಲ.

ನಾಲಿಗೆಯನ್ನು ಎಡಗೆನ್ನೆಗೆ ಒತ್ತಿ ತುದಿಗಾಲಲ್ಲಿ ನಿಲ್ಲಬೇಕು. ಕೂತು ನಕ್ಕರೆ ದೊಡ್ಡವರ ನಗು ಬರುತ್ತದೆ. ತೋರಿಸಿದೆ.

"ನಿದ್ದೆ ಮಾಡುವಾಗಿನ ಉಸಿರು?"

ಅದು ಕಷ್ಟದ್ದು. ಮೂಗಿನಿಂದ ಒಳಗೆ, ಆಮೇಲೆ ಬಿಸಿ ಊಟ ಆರಿಸುವಂತೆ ತುಟಿಯಂಚಿನಿಂದ ಎರಡು ಕಂತಿನಲ್ಲಿ ಹೊರಗೆ. ಅದನ್ನು ಯಾರಿಗೂ ಹೇಳಿಕೊಟ್ಟಿರಲಿಲ್ಲ; ಅವಳಿಗೆ ಹೇಳಿಕೊಟ್ಟೆ. ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡಳು. "ಹಳೇದಕ್ಕೆ ಹೋಲಿಸಿ ನೋಡೋಕೆ ನಿಂಗೆ ಅನುಕೂಲ ಆಗತ್ತೆ, ಕಳಿಸ್ತೀನಿ" ಎಂದಳು. ಎಷ್ಟು ಮುತುವರ್ಜಿ.

ಮಾರ್ಚ್ 16, ಭಾನುವಾರ

ಇವತ್ತು ಗೇಮು. ಮೊದಲನೆಯದು. ಮಾಡಿದವರು ಜಾಣರು: ಅದರಲ್ಲಿ ಡುಬ್ಬಣ್ಣ ಓಡುವುದೇ ಇಲ್ಲ. ಎಷ್ಟು ಜೋರಾಗಿ ಗುಂಡಿ ಒತ್ತಿದರೂ ಅವನದೇ ನಡಿಗೆ. ಅವಸರ ಮಾಡಿದವನು ಸೋಲುತ್ತಾನೆ.

ಯಂತ್ರದಲ್ಲಿ ಬಾಲ ಚಿಕ್ಕವಳಿದ್ದಾಗ ಆಡಿದ ಆಟ ಹಾಗೇ ಉಳಿದಿತ್ತು. ಅವಳ ಹೆಸರಿನ ಮುಂದೆ ಆಡಿದ ಗಂಟೆಗಳು ರಾಶಿ ಬಿದ್ದಿವೆ, ಆದರೆ ಇರುವುದು ಮೊದಲನೇ ಹಂತದಲ್ಲಿ. ಸೇತುವೆ ಕೂಡ ದಾಟಿಲ್ಲ.

"ದಡ್ಡಿ" ಎಂದೆ. "ಇಷ್ಟು ಹೊತ್ತು ಆಡಿ ಒಂದು ಸೇತುವೆ ದಾಟೋಕಾಗ್ಲಿಲ್ವಾ ನಿನಗೆ?"

"ಸುಮ್ನಿರು, ಈಗ ಮಾತಾಡ್ತಾನೆ" ಎಂದು ರಿಮೋಟನ್ನು ನೆಲದ ಮೇಲೆ ಇಟ್ಟು ಕೈ ಕಟ್ಟಿ ಕೂತಳು.

ಆಗ ನೆನಪಾಯಿತು. ಆಟಗಾರ ಎದ್ದು ಎಲ್ಲಿಗಾದರೂ ಹೋದರೆ ಡುಬ್ಬಣ್ಣ ಪರದೆಯೊಳಗಿಂದ ಕರೆಯುತ್ತಾನೆ. ಕೈಬಿಟ್ಟಾಗಿನ ಮಾತು ಎಂದು ನಮ್ಮಲ್ಲಿ ಹೇಳುತ್ತಾರೆ. ಮೊದಲು "ಯಾರಾದ್ರೂ ಇದೀರಾ?" ಎನ್ನುತ್ತಾನೆ. ಆಮೇಲೆ "ಕಾಲು ನೋಯ್ತಿದೆ, ನಂಗಿರೋದು ಒಂದೇ ಕಾಲು" ಎನ್ನುತ್ತಾನೆ. ಇನ್ನೂ ಬಿಟ್ಟರೆ ಚಿಪ್ಪಿನೊಳಗೆ ಹೋಗಿ ಅಲ್ಲಿಂದಲೇ ಹೇಳುತ್ತಾನೆ: "ನಂಗೇನ್ ಭಯ ಇಲ್ಲ. ನೀನೂ ಹೆದರ್ಬೇಡ. ನಿಧಾನಕ್ಕೇ ಬಾ."

ಆ ಕೊನೆಯದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಅವತ್ತು ಬರೆದವನು ಜ್ವರ ಬಂದು ಮಲಗಿದ್ದ, ಒಂದು ಮಾತು ಕಡಿಮೆ ಬಿದ್ದಿತ್ತು, ನಾನೇ ಸೇರಿಸಿದೆ. ಅದು ಬಾಲಳ ಮಾತು. ಅವರಪ್ಪ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಸ್ಟುಡಿಯೋದಿಂದ ತಡವಾಗುತ್ತದೆ ಎಂದು ಫೋನ್ ಮಾಡಿದರೆ ಈ ಪುಟ್ಟ ಪ್ರಾಣಿ ನನಗೇ ಧೈರ್ಯ ಹೇಳುತ್ತಿತ್ತು. ದಪ್ಪಕನ್ನಡಕ ಕೇಳಿ ಕಣ್ಣೊರೆಸಿಕೊಂಡಿದ್ದ. ಒಳ್ಳೆಯ ಮಾತು ಎಲ್ಲಿ ಸಿಕ್ಕರೂ ಎತ್ತಿಕೊಳ್ಳಬೇಕು, ಅದೇ ಕಸುಬುದಾರಿಕೆ.

ಬಾಲ ಅದನ್ನು ಮೂರು ಸಲ ಕೇಳಿದಳು. ಪ್ರತಿ ಸಲವೂ ತುಟಿ ಅಲ್ಲಾಡುತ್ತಿತ್ತು.

ಮಾರ್ಚ್ 19

ಎರಡನೆಯ ಸಿನಿಮಾ ನೋಡಿದೆ. ನೋಡಬಾರದಿತ್ತು. ಇದರಲ್ಲಿ ಡುಬ್ಬಣ್ಣನಿಗೆ ಚಕ್ರ ಕಟ್ಟಿದ್ದಾರೆ. ಬಸವನಹುಳುವಿಗೆ ಚಕ್ರ. ಯಾವನೋ ಮೇಜಿನ ಆಚೆ ಕೂತು ನಿಧಾನ ಯಾರಿಗೆ ಬೇಕು ಎಂದಿರಬೇಕು. ಮೂರನೆಯ ಗೇಮಿನಲ್ಲಂತೂ ಅವನ ಕೈಗೆ, ಇಲ್ಲದ ಕೈಗೆ, ಬಂದೂಕು ಕೊಟ್ಟಿದ್ದಾರೆ. ನಾನೇ ಅದಕ್ಕೂ ದನಿ ಕೊಟ್ಟಿದ್ದೇನೆ ಎನ್ನುವುದು ನಾಚಿಕೆಗೇಡು. ಆಗ ಚೀರುವ ಮಾತುಗಳು ಹೆಚ್ಚಿದ್ದವು, ಗಂಟಲು ಹಾಳಾದದ್ದು ಅಲ್ಲಿಂದಲೇ.

ಇಷ್ಟಪಟ್ಟು ನೋಡಿದ ಮಕ್ಕಳಿಗೆ ಮಾಡಿದ ಮೋಸವಲ್ಲವೇ ಇದು? ಇದನ್ನು ನಿನ್ನದು ಎಂದುಕೊ ಎಂದು ಹೇಳುವುದು, ನಂಬಿ ಎದೆಗವಚಿಕೊಂಡ ಮೇಲೆ ಕಿತ್ತುಕೊಂಡು ಬೇರೆ ಏನನ್ನೋ ಕೈಗಿಡುವುದು. ಹೊಸ ಸಿನಿಮಾದಲ್ಲಿ ಚಕ್ರ ಇದ್ದರೆ ನಾನು ಒಪ್ಪುವುದಿಲ್ಲ ಎಂದು ಮೊದಲೇ ಹೇಳಬೇಕು.

ಬಾಲ ಇನ್ನೂ ಆ ರೆಕಾರ್ಡು ಕಳಿಸಿಲ್ಲ. ಮರೆತಿರಬೇಕು.

ಮಾರ್ಚ್ 25, ಮಂಗಳವಾರ

ಪರೀಕ್ಷೆ ಆಯಿತು. ಸ್ಟುಡಿಯೋದ ಲಿಫ್ಟಿನಲ್ಲಿ ನಾನೊಬ್ಬಳೇ ಇದ್ದೆ. "ಬಾಗಿಲು ಮುಚ್ಚುತ್ತಿದೆ" ಎಂದಳು ನನ್ನ ಮಗಳು. ಶುಭಶಕುನ ಎಂದುಕೊಂಡೆ.

ನಂಬರು ಒಂಬತ್ತು. ಗಾಜಿನ ಆಚೆ ಯಾವುದೋ ಎಳೆಯ ಹುಡುಗ ಇದ್ದ, ನನ್ನನ್ನು ಅಜ್ಜಿ ಎಂದ. ಕೆಂಪು ದೀಪ ಹತ್ತಿತು. ಮಾತುಗಳು ಚೆನ್ನಾಗಿ ಬಂದವು. "ಬರ್ತಾನೇ ಇದೀನಿ" ಎನ್ನುವಾಗ "ತಾ" ಒಂದು ಕೂದಲೆಳೆಯಷ್ಟು ಸೀಳಿತು, ಅಷ್ಟೆ. ನಿದ್ದೆಯ ಉಸಿರು ಬೇಕಿದ್ದರೆ ಕೊಡಿ ಎಂದರು. ಕೆಮ್ಮು ಬಂದುಬಿಟ್ಟರೆ ಎಂದು ಬಿಟ್ಟೆ. ಗೊತ್ತಿರುವವರಿಗೆ ಗೊತ್ತಾಗುತ್ತದೆ. ದಪ್ಪಕನ್ನಡಕನ ಕಿವಿಗೆ ನನ್ನ ದನಿ ತಪ್ಪುವುದು ಎಂದರೇನು.

ಏಪ್ರಿಲ್ 1

ಫೋನ್ ಇಲ್ಲ. ಉಪ್ಪುನೀರು. ಮೌನ.

ಏಪ್ರಿಲ್ 6, ಭಾನುವಾರ

ಗೆದ್ದೆ. ಬೆಳಿಗ್ಗೆಯೇ ದಪ್ಪಕನ್ನಡಕನ ಫೋನು. "ಇನ್ನೂ ಹೇಳೋ ಹಾಗಿಲ್ಲ, ಲಕೋಟೆ ಒಡೆಯೋದು ಮಂಗಳವಾರ. ಆದ್ರೆ ನಾನು ಕಿವುಡನಾ? ಒಂದು ಮಾತು ಕೇಳ್ತಿದ್ದ ಹಾಗೆ ಇದು ಅವಳೇ ಅಂದೆ. ಮೊದಲಿಗಿಂತ ಚೆನ್ನಾಗಿದೆ ಕಣೆ. ಅದೇನು ಮಾಡ್ಕೊಂಡೆ ಗಂಟಲಿಗೆ?"

ಉಪ್ಪುನೀರು ಎಂದೆ. ಡಾಕ್ಟರ ಮಾತು ಗಾಳಿಗೆ ತೂರಿ ಮನೆ ತುಂಬ ಮಾತಾಡಿದೆ. ತಂಗಿಗೆ ಫೋನ್ ಮಾಡಿದೆ, ಕೆಳಮನೆಯ ಟೈಲರಮ್ಮನಿಗೆ ಮೆಟ್ಟಿಲಲ್ಲೇ ನಿಂತು ಡುಬ್ಬಣ್ಣನ ದನಿಯಲ್ಲಿ ಸುದ್ದಿ ಹೇಳಿದೆ. ಮುದುಕಿ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ನಕ್ಕಿತು.

ಮಧ್ಯಾಹ್ನ ಬಾಲ ಬಂದಳು. ಅವಳು ಲೋಟ ತೊಳೆಯುತ್ತಿದ್ದಾಗ ಹೇಳಿದೆ. ಕೈ ನಿಂತಿತು. ನೀರು ಸುಮ್ಮನೆ ಹರಿಯುತ್ತಿತ್ತು.

"ನಂಬರ್ ಹೇಳಿದ್ರಾ ಅಮ್ಮ?"

"ನಂಬರ್ ಯಾಕೆ? ಅವನಿಗೆ ನನ್ನ ದನಿ ಗೊತ್ತಿಲ್ವಾ?"

"ಅಲ್ಲ, ಸುಮ್ನೆ ಕೇಳ್ದೆ."

ನಾನು ಅವಳನ್ನು ತಬ್ಬಿಕೊಂಡೆ. ಏನೋ ಹೇಳಲು ಬಾಯಿ ತೆರೆದಳು, ಸಂತೋಷಕ್ಕೆ ಮಾತು ಹೊರಡಲಿಲ್ಲ ಪಾಪ. ಊಟಕ್ಕೂ ನಿಲ್ಲದೆ ಹೊರಟುಬಿಟ್ಟಳು.

ಏಪ್ರಿಲ್ 8, ಮಂಗಳವಾರ

ಬರೆಯಲೇಬೇಕು, ಇಲ್ಲದಿದ್ದರೆ ಎದೆ ಒಡೆಯುತ್ತದೆ.

ಸ್ಟುಡಿಯೋಗೆ ಹೋದೆ. ಹೊಸ ಬಟ್ಟೆ ಬೇರೆ ಹಾಕಿದ್ದೆ. ದಪ್ಪಕನ್ನಡಕ ನನ್ನನ್ನು ತನ್ನ ಕುರ್ಚಿಯಲ್ಲೇ ಕೂರಿಸಿದ. ಲಕೋಟೆ ಇನ್ನೂ ಒಡೆದಿರಲಿಲ್ಲ. "ಬಾ, ನಿನ್ನದು ನೀನೇ ಕೇಳು" ಎಂದು ಹದಿನೇಳನೇ ನಂಬರು ಹಾಕಿದ. ಹಾಕುವ ಮೊದಲು ನಗುತ್ತ, "ಒಂಬತ್ತು ಅಂತ ಇನ್ನೊಂದಿತ್ತು. ಯಾರೋ ಪಾಪ, ನಿನ್ನ ಮಿಮಿಕ್ರಿ ಮಾಡೋಕೆ ಹೋಗಿದಾರೆ. ಮಾತು ಅದೇ, ಆದ್ರೆ ವಯಸ್ಸು ಕೇಳಿಸ್ಬಿಡತ್ತೆ" ಎಂದ.

ಹದಿನೇಳು ಮಾತಾಡಿತು. ಸುಳ್ಳೇಕೆ, ಒಂದು ಕ್ಷಣ ನನಗೇ ಅದು ನಾನು ಎನಿಸಿತು. ಹದಿನೈದು ವರ್ಷ ಚಿಕ್ಕವಳಾದ ನಾನು. ಆಮೇಲೆ ನಿದ್ದೆಯ ಉಸಿರು ಬಂತು. ಮೂಗಿನಿಂದ ಒಳಗೆ, ತುಟಿಯಂಚಿನಿಂದ ಎರಡು ಕಂತಿನಲ್ಲಿ ಹೊರಗೆ. ಅದನ್ನು ಹಾಗೆ ಬಿಡುವವರು ಲೋಕದಲ್ಲಿ ಇಬ್ಬರೇ. ಒಬ್ಬಳಿಗೆ ನಾನು ಮೊನ್ನೆ ಮೊನ್ನೆ, ಈ ಮನೆಯಲ್ಲಿ ಕಲಿಸಿದ್ದೆ.

"ನಂದು ಒಂಬತ್ತು" ಎಂದೆ.

ದಪ್ಪಕನ್ನಡಕ ಕನ್ನಡಕ ತೆಗೆದ. ಅವನ ಬರಿಗಣ್ಣನ್ನು ಇಷ್ಟು ವರ್ಷದಲ್ಲಿ ನಾನು ನೋಡಿರಲಿಲ್ಲ, ಅಷ್ಟು ಚಿಕ್ಕವು. ಲಕೋಟೆ ಒಡೆದ. ಓದಿ ಹೇಳುವ ಕಷ್ಟ ಅವನಿಗೆ ಕೊಡಲಿಲ್ಲ, ಎದ್ದು ಬಂದೆ. ಲಿಫ್ಟಿನಲ್ಲಿ ಅವಳೇ ಇದ್ದಳು. "ಬಾಗಿಲು ಮುಚ್ಚುತ್ತಿದೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಊರಿನ ಯಾವಳೋ ಗೆದ್ದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಇವಳು ನನ್ನ ಸೋಫಾದಲ್ಲಿ ಕೂತು, ನನ್ನ ಸಿನಿಮಾ ನನಗೇ ತೋರಿಸಿ, ಗಂಟಲೊಳಗಿಂದ ಒಂದೊಂದೇ ಎತ್ತಿಕೊಂಡು ಹೋದಳು. ನಾನು ಮುತುವರ್ಜಿ ಎಂದುಕೊಂಡೆ. ಅದಕ್ಕಿಂತ ಹೆಚ್ಚು ಸುಡುವುದು ಆ ಎರಡು ದಿನ. ಭಾನುವಾರವೇ ಅವಳಿಗೆ ಗೊತ್ತಾಗಿತ್ತು. ನಂಬರ್ ಹೇಳಿದ್ರಾ ಎಂದು ಕೇಳಿದ್ದು ಅದಕ್ಕೇ. ಗೊತ್ತಿದ್ದೂ ನನ್ನನ್ನು ಕುಣಿಯಲು ಬಿಟ್ಟಳು. ಟೈಲರಮ್ಮನಿಗೆ ಈಗ ನಾನು ಯಾವ ದನಿಯಲ್ಲಿ ಹೇಳಲಿ?

ಏಪ್ರಿಲ್ 9

ಫೋನ್ ಆರಿಸಿಟ್ಟಿದ್ದೇನೆ.

ಏಪ್ರಿಲ್ 13, ಭಾನುವಾರ

ಬಂದಿದ್ದಳು. ಬಾಗಿಲು ತೆಗೆಯಲಿಲ್ಲ. ಮೆಟ್ಟಿಲ ಮೇಲೆ ಕೂತಳು, ಬಟ್ಟೆ ಉಜ್ಜಿದ ಸದ್ದಿನಿಂದ ಗೊತ್ತಾಯಿತು. ನಾನು ಈಚೆ ಚಪ್ಪಲಿ ಗೂಡಿನ ಪಕ್ಕ ನಿಂತಿದ್ದೆ.

"ಅಮ್ಮ, ನಿಂದೇ ಆಗತ್ತೆ ಅಂದ್ಕೊಂಡಿದ್ದೆ. ನಂದು ಯಾರೂ ತಿರುಗಿ ಕೂಡ ನೋಡಲ್ಲ, ಒಂದ್ಸಲ ಕೊಟ್ಟು ಬರೋಣ ಅಂತ ಹೋದೆ. ನನ್ನ ದನಿ ಯಾರಮ್ಮ ಕೇಳ್ತಾರೆ, ಲಿಫ್ಟಿಗೆ ಹತ್ತೋರು ಬಿಟ್ರೆ?"

ನಾನು ಮಾತಾಡಲಿಲ್ಲ. ಡಾಕ್ಟರ ಅಪ್ಪಣೆ ಇದೆಯಲ್ಲ.

"ಹೋದ ಭಾನುವಾರ ಹೇಳ್ಬೇಕಿತ್ತು. ಬಾಯಿಗೆ ಬಂತು. ನೀನು ತಬ್ಕೊಂಡ್ಬಿಟ್ಟೆ."

ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಎಷ್ಟು ಚೆನ್ನಾಗಿ ಕಟ್ಟುತ್ತಾಳೆ ನೋಡಲಿಕ್ಕೆ.

"ನೀನು ಹೇಳ್ಕೊಟ್ಟಿದ್ದು ಆ ಉಸಿರೊಂದೇ ಅಮ್ಮ. ಮಿಕ್ಕಿದ್ದೆಲ್ಲ ನಂಗೆ ಮೊದ್ಲೇ ಬರ್ತಿತ್ತು. ನೀನು ಸ್ಟುಡಿಯೋದಲ್ಲಿ ಇರ್ತಿದ್ದೆ. ಟೈಲರಮ್ಮ ಕೆಳಗೆ ಹೊಲೀತಿದ್ರು. ನಾನು ಗೇಮ್ ಹಾಕಿ ರಿಮೋಟ್ ಕೆಳಗಿಟ್ಟು ಕೂತ್ಕೋತಿದ್ದೆ. ಆಡಿದ್ರೆ ನೀನು ಮಾತಾಡ್ತಿರ್ಲಿಲ್ಲ. ಸುಮ್ನಿದ್ರೆ ಮಾತಾಡ್ತಿದ್ದೆ. ಅದಕ್ಕೇ ಸೇತುವೆ ದಾಟ್ತಿರ್ಲಿಲ್ಲ."

ಕಳ್ಳಿ. ಅಳುವಾಗಲೂ ಉಸಿರನ್ನು ಸರಿಯಾದ ಜಾಗದಲ್ಲಿ ತೆಗೆದುಕೊಳ್ಳುತ್ತಾಳೆ.

"ಕೋಪ ಇದ್ರೆ ಇರ್ಲಿ. ‘ಬಂದೆ, ಬಂದೆ’ ಅಂತಾದ್ರೂ ಅನ್ನು, ಬರೋದು ಬೇಡ" ಎಂದಳು.

ಅನ್ನಲಿಲ್ಲ. ಎದ್ದು ಹೋದಳು. ಕೆಳಗೆ ಟೈಲರಮ್ಮ ಏನೋ ಕೇಳಿದ್ದು ಕೇಳಿಸಿತು, ಅವಳು ಉತ್ತರ ಕೊಟ್ಟದ್ದು ಕೇಳಿಸಲಿಲ್ಲ. ಕಿಟಕಿಗೆ ಬರುವಷ್ಟರಲ್ಲಿ ಬೀದಿಯ ತಿರುವು ದಾಟಿದ್ದಳು.

ಮೇ 2

ದಪ್ಪಕನ್ನಡಕ ಹೊಸ ಪಾತ್ರ ತಂದಿದ್ದಾನೆ. ಸಿನಿಮಾದಲ್ಲಿ ಡುಬ್ಬಣ್ಣನಿಗೆ ಒಬ್ಬಳು ಅಜ್ಜಿ ಇದ್ದಾಳಂತೆ. "ನಿನ್ನ ಈಗಿನ ದನಿಗೆ ಹೇಳಿ ಮಾಡಿಸಿದ ಹಾಗಿದೆ" ಎಂದ. ನಾನು ಒಲ್ಲೆ ಎಂದೆ. ಒಂದೇ ಕೋಣೆಯಲ್ಲಿ, ಒಂದೇ ಮೈಕಿನ ಮುಂದೆ, ಅವಳು ನನ್ನ ದನಿಯಲ್ಲಿ ಅಜ್ಜೀ ಎನ್ನುವುದು, ನಾನು ಓಗೊಡುವುದು. ಇದಕ್ಕಿಂತ ನನ್ನನ್ನು ಬಡಿದು ಹಾಕಬಹುದಲ್ಲ.

ತಂಗಿಗೆ ಹೇಳಿದರೆ ಅವಳು ನನ್ನ ಪರ ಮಾತಾಡುವುದು ಬಿಟ್ಟು, "ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂದಳು. ನಾನು ಯಾರ ದನಿ ಕದ್ದೆ ಎಂದು ಕೇಳಿದೆ. "ದನಿ ಕದ್ದೆ ಅಂತ ಯಾರಂದ್ರು?" ಎಂದಳು. "ನೀನು ಊರಿಗೆ ಉಪಕಾರಿ. ಊರ ಮಕ್ಕಳನ್ನೆಲ್ಲ ನಗಿಸ್ತಾ ಕೂತಿದ್ದೆ. ನಿನ್ನ ಮಗು ಊಟ ಮಾಡ್ತಿದ್ದದ್ದು ನಮ್ಮನೇಲಿ, ಟೈಲರಮ್ಮನ ಮನೇಲಿ." ನಾನು ದುಡಿಯದಿದ್ದರೆ ಅವಳು ಎಲ್ಲೂ ಉಣ್ಣುತ್ತಿರಲಿಲ್ಲ ಎಂದು ಫೋನ್ ಇಟ್ಟೆ. ನನ್ನದೇ ರಕ್ತ, ನನ್ನದೇ ಒಡಹುಟ್ಟು. ಒಬ್ಬರಾದರೂ ನನ್ನ ಕಡೆ ಇಲ್ಲ.

ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿಲ್ಲ. ನನ್ನಿಂದ ಏರಿಸಲಾಗುವುದಿಲ್ಲ, ಭಾರ.

ಜೂನ್ 17

ಗಂಟಲಿನ ಡಾಕ್ಟರ ಬಳಿ ಹೋಗಿದ್ದೆ. ಆಸ್ಪತ್ರೆಯ ಲಿಫ್ಟಿನಲ್ಲೂ ಅವಳ ದನಿಯೇ ಇರುವುದು ಗೊತ್ತಿದ್ದರಿಂದ ಮೆಟ್ಟಿಲು ಹತ್ತಿ ಹೋದೆ. ಏದುಸಿರಿಗೆ ನರ್ಸು ಹೆದರಿ ನೀರು ಕೊಟ್ಟಳು.

"ಬಹಳ ಸುಧಾರಿಸಿದೆ" ಎಂದರು ಡಾಕ್ಟರು. "ನಾನು ಹೇಳಿದ ಹಾಗೆ ಮಾತು ಕಡಿಮೆ ಮಾಡಿದೀರಿ."

"ಮಾತಾಡೋರು ಇದ್ರೆ ತಾನೆ" ಎಂದೆ.

ಇಳಿಯುವಾಗ ಮೊಣಕಾಲು ಒಪ್ಪಲಿಲ್ಲ, ಲಿಫ್ಟನ್ನೇ ಹತ್ತಿದೆ. ನೆಲಮಹಡಿ ಬಂದಾಗ ಇಳಿಯುವುದು ತಡವಾಗಿ ಮತ್ತೆ ಮೇಲೆ ಹೋಗಿ ಬರಬೇಕಾಯಿತು. ಎರಡು ಸಲ ಹಾಗಾಯಿತು. ವಯಸ್ಸು. ಅವಳು "ಮೂರನೇ ಮಹಡಿ" ಎನ್ನುವಾಗ "ಮ"ಗೆ ಬೇಕಾದಷ್ಟು ತುಟಿ ಮುಚ್ಚುವುದಿಲ್ಲ. ಯಾರೂ ತಿದ್ದಿಲ್ಲ ಅಂತ ಕಾಣುತ್ತದೆ.

ಸೆಪ್ಟೆಂಬರ್ 5, ಶುಕ್ರವಾರ

ಸಿನಿಮಾ ಬಂದಿದೆ. ಬೀದಿಯ ಗೋಡೆಯಲ್ಲೆಲ್ಲ ಡುಬ್ಬಣ್ಣ. ಚಕ್ರ ಇಲ್ಲ ಎಂದು ಟೈಲರಮ್ಮ ವರದಿ ಕೊಟ್ಟಳು, ನಾನು ಕೇಳದಿದ್ದರೂ. ಅವಳು ಎರಡು ಸಲ ನೋಡಿ ಬಂದಿದ್ದಾಳೆ. ಪರದೆಯ ಮೇಲೆ ಕೊನೆಗೆ ಓಡುವ ಹೆಸರುಗಳಲ್ಲಿ ನನ್ನದೂ ಇದೆಯಂತೆ, ಡುಬ್ಬಣ್ಣನ ಮೊದಲ ದನಿ ಎಂದು. ಸತ್ತವರಿಗೆ ಹಾಕುವ ಹಾಗೆ. ನಾನು ನೋಡಿಲ್ಲ, ನೋಡುವುದೂ ಇಲ್ಲ.

ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಹೊಸ ಗೇಮು, ಹೊಸ ಯಂತ್ರದ ಸಮೇತ. ಚೀಟಿ ಇಲ್ಲ. ವಿಳಾಸದ ಅಕ್ಷರ ಅವಳದು. ಮೇಜಿನ ಕೆಳಗೆ ತಳ್ಳಿದೆ.

ಸೆಪ್ಟೆಂಬರ್ 7, ಭಾನುವಾರ

ಇವತ್ತು ಗೇಮು ಹಾಕಿದೆ. ಆಡಲಿಕ್ಕಲ್ಲ. ಎಲ್ಲೆಲ್ಲಿ ಕೆಡಿಸಿದ್ದಾಳೆ ಎಂದು ತಿಳಿಯಬೇಕಿತ್ತು. ತಂತಿ ಸಿಕ್ಕಿಸಲು ಟೈಲರಮ್ಮನ ಅಳಿಯನನ್ನು ಕರೆದೆ. ಅವನು ಹೋದ ಮೇಲೆ ಕುರ್ಚಿ ಎಳೆದುಕೊಂಡು ಕೂತೆ. ಒಂದು ಗುಂಡಿಯನ್ನೂ ಒತ್ತುವುದಿಲ್ಲ ಎಂದು ತೀರ್ಮಾನಿಸಿದ್ದೆ. ಒತ್ತಿದರೆ ಅವಳ ಜೊತೆ ಆಡಿದ ಹಾಗಾಗುತ್ತದೆ. ರಿಮೋಟನ್ನು ನೆಲದ ಮೇಲೆ ಇಟ್ಟೆ.

ಅದೇ ಸೇತುವೆ, ಬಣ್ಣ ಮಾತ್ರ ಹೊಸದು. ಡುಬ್ಬಣ್ಣ ಬಂದು ನಿಂತ. ಕಣ್ಣು ಮಿಟುಕಿಸಿದ. ಆ ಕಡೆ ಈ ಕಡೆ ನೋಡಿದ.

"ಯಾರಾದ್ರೂ ಇದೀರಾ?" ಎಂದ. ನನ್ನ ದನಿ. ಅಚ್ಚು ನನ್ನದೇ.

"ಕಾಲು ನೋಯ್ತಿದೆ, ನಂಗಿರೋದು ಒಂದೇ ಕಾಲು." ಇದೂ ನನ್ನದೇ. "ಒಂದೇ" ಎನ್ನುವಲ್ಲಿ ನಾನು ಮಾಡುತ್ತಿದ್ದ ಚಿಕ್ಕ ಬಿಕ್ಕಳಿಕೆ ಸಹಿತ. ಆರಿಸಿಬಿಡೋಣ ಎಂದು ಎದ್ದೆ. ಹೊಸ ಯಂತ್ರ, ಆರಿಸುವ ಗುಂಡಿ ಎಲ್ಲಿದೆಯೋ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವನು ಚಿಪ್ಪಿನೊಳಗೆ ಹೋದ. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಒಳಗಿನಿಂದ:

"ನಂಗೇನ್ ಭಯ ಇಲ್ಲ. ನೀನೂ ಹೆದರ್ಬೇಡ. ನಿಧಾನಕ್ಕೇ ಬಾ."

ಇದೊಂದನ್ನು ಅವಳು ನನ್ನ ಹಾಗೆ ಹೇಳಿಲ್ಲ. ನಾಲಿಗೆ ಕೆನ್ನೆಗೆ ಒತ್ತಿಲ್ಲ, ತುದಿಗಾಲಲ್ಲೂ ನಿಂತಿಲ್ಲ. ಇದು ಡುಬ್ಬಣ್ಣನ ದನಿಯೇ ಅಲ್ಲ. ಸ್ಟುಡಿಯೋದ ಗೋಡೆಗೆ ತಗುಲಿಹಾಕಿದ್ದ ಫೋನಿನಲ್ಲಿ, ಒಂದು ಕಿವಿಗೆ ಕೈ ಮುಚ್ಚಿಕೊಂಡು, ಬೇಗ ಮುಗಿಸು ಎಂದು ಕೆಂಪು ದೀಪ ಕಣ್ಣು ಮಿಟುಕಿಸುತ್ತಿದ್ದಾಗ ನಾನು ಕೇಳುತ್ತಿದ್ದ ದನಿ. "ಬಂದೆ, ಬಂದೆ, ಬರ್ತಾನೇ ಇದೀನಿ" ಎಂದು ಇಟ್ಟುಬಿಡುತ್ತಿದ್ದೆ.

ದಪ್ಪಕನ್ನಡಕ ಇದನ್ನು ಹೇಗೆ ಬಿಟ್ಟ ಎಂದು ಆಶ್ಚರ್ಯ. ಅವನ ಕಿವಿಗೆ ತಪ್ಪಿರಲಾರದು. ಪಾತ್ರದ ದನಿ ನಡುವೆ ಬದಲಾದರೆ ಅದು ದೊಡ್ಡ ದೋಷ. ನಾನಾಗಿದ್ದರೆ ಮತ್ತೆ ಮಾಡಿಸುತ್ತಿದ್ದೆ.

ಯಂತ್ರ ಆರಿಸಲಿಲ್ಲ. ಗುಂಡಿ ಸಿಗಲಿಲ್ಲ.

ಸೆಪ್ಟೆಂಬರ್ 10

ಅವಳನ್ನು ನಾನು ಕ್ಷಮಿಸಿಲ್ಲ. ಇದನ್ನು ಇಲ್ಲಿ ಬರೆದಿಡುವುದು ಒಳ್ಳೆಯದು.

"ನಿಧಾನಕ್ಕೇ" ಎನ್ನುವ ಮೊದಲು ಅವಳು ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ಮೈಕಿನಿಂದ ಮುಖ ತಿರುಗಿಸಿಕೊಂಡು ತೆಗೆದುಕೊಳ್ಳಬೇಕು. ಇಷ್ಟು ಚಿಕ್ಕ ವಿಷಯ. ಯಾರಾದರೂ ಹೇಳಬೇಕು ಅವಳಿಗೆ.

ಸೆಪ್ಟೆಂಬರ್ 28, ಭಾನುವಾರ

ತಂಗಿ ಫೋನ್ ಮಾಡಿದ್ದಳು. ಅವಳಿಗೆ ಟೈಲರಮ್ಮ ಎಲ್ಲ ಊದಿದ್ದಾಳೆ, ನಾನು ದಿನಾ ಮಧ್ಯಾಹ್ನ ಗೇಮು ಹಾಕುತ್ತೇನೆಂದು. ಈ ಗೋಡೆಗಳಿಗೆ ಕಿವಿಯಲ್ಲ, ಬಾಯಿ ಇದೆ.

"ನಮ್ಮ ಮೊಮ್ಮಗಳು ಆಗ್ಲೇ ಏಳನೇ ಹಂತಕ್ಕೆ ಹೋಗಿದಾಳೆ" ಎಂದಳು. "ನೀನು ಎಲ್ಲಿಗೆ ಬಂದೆ?"

"ಮೊದಲ್ನೇದು."

"ಇಷ್ಟು ದಿನ ಆಡಿ ಇನ್ನೂ ಮೊದಲ್ನೇದಾ? ಸೇತುವೆ ಆದ್ರೂ ದಾಟಿದ್ಯಾ?"

"ಇಲ್ಲ" ಎಂದೆ.

"ದಡ್ಡಿ" ಎಂದಳು ತಂಗಿ.